ಕೆಲಸ ಬಿಡಿಸುವ ಮುನ್ನ

ದಾಂಡೇಲಿಯಿಂದ ಜೋಯಿಡಾ, ಉಳವಿಯ ಕಡೆಗೆ ಹೋಗುವ ಕಾಡುದಾರಿಯಲ್ಲಿ ಈಗ ಹೋಂಸ್ಟೇ, ರೆಸಾರ್ಟ್‌ಗಳ ಬೋರ್ಡುಗಳು ಕಾಣುತ್ತವೆ. ಹಳಿಯಾಳ, ಮುಂಡಗೋಡದ ಪೇಟೆಗಳಲ್ಲಿ ಬಟ್ಟೆ ಅಂಗಡಿ, ಕ್ಲಿನಿಕ್‌ಗಳಿವೆ. ನಮ್ಮ ಹೆಣ್ಣುಮಕ್ಕಳೂ ಇಂಥ ಕಡೆ ದುಡಿಯುತ್ತಾರೆ. ಒಂದು ದಿನ ಮಗಳು ‘ನಾಳೆಯಿಂದ ಹೋಗಲ್ಲ’ ಎನ್ನುತ್ತಾಳೆ. ಕಾರಣ ಕೇಳಿದರೆ ಸುಮ್ಮನಾಗುತ್ತಾಳೆ. ನಾವು ಕೆಲಸ ಬಿಡಿಸಿ, ಮರ್ಯಾದೆ ಉಳಿಯಿತು ಎಂದುಕೊಳ್ಳುತ್ತೇವೆ. ಸಂಬಳ ಹೋದದ್ದು ಅವಳದು. ಕಿರುಕುಳ ಕೊಟ್ಟವನು ಅದೇ ಕುರ್ಚಿಯಲ್ಲಿರುತ್ತಾನೆ, ಅವಳ ಜಾಗಕ್ಕೆ ಇನ್ನೊಬ್ಬರ ಮಗಳು ಬರುತ್ತಾಳೆ.

ಮೈ ಮುಟ್ಟಿದರೆ ಮಾತ್ರ ಕಿರುಕುಳ ಎಂದು ತಿಳಿದವರು ನಮ್ಮಲ್ಲಿ ಬಹಳ. 2013ರ ಕಾಯ್ದೆಯ ಪ್ರಕಾರ ಲೈಂಗಿಕ ಬೇಡಿಕೆ, ಅಶ್ಲೀಲ ಮಾತು, ಮೊಬೈಲ್‌ನಲ್ಲಿ ಕೊಳಕು ಚಿತ್ರ ತೋರಿಸುವುದು, ಸನ್ನೆ ಕೂಡ ಕಿರುಕುಳವೇ. ದಿನಗೂಲಿ, ಗುತ್ತಿಗೆ, ಮನೆಗೆಲಸದವರಿಗೂ ಇದರ ರಕ್ಷಣೆಯಿದೆ. ಮಾಲೀಕ ಕಳಿಸುವ ವಾಹನವೂ ಕೆಲಸದ ಸ್ಥಳವೆಂದೇ ಲೆಕ್ಕ.

ಈ ಕಾಯ್ದೆ ದೊಡ್ಡ ಕಂಪೆನಿಗಳ ಓದಿದ ಹೆಂಗಸರಿಗಷ್ಟೇ ಎಂಬ ಭಾವನೆ ತಪ್ಪು. ಅದರ ಮೂಲ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿದೆ. ಅಲ್ಲಿನ ಭಂವರಿ ದೇವಿ ಸರಕಾರಿ ಯೋಜನೆಯ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋದರು. ಅದರ ಸೇಡಿಗೆ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು 1992ರಲ್ಲಿ ದೂರು ಕೊಟ್ಟರು. ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಆದರೆ ಈ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಹಾಗೆ ಬಂತು.

ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಪುರುಷರಿಗೆ (24:30). ಮದ್‌ಯನ್‌ನ ನೀರಿನ ಬಳಿ ಕುರಿಗಳೊಂದಿಗೆ ಕಾಯುತ್ತಿದ್ದ ಇಬ್ಬರು ಯುವತಿಯರನ್ನು ಕಂಡ ಪ್ರವಾದಿ ಮೂಸಾ(ಅ) ಅವರ ಕುರಿಗಳಿಗೆ ನೀರು ಕುಡಿಸಿ, ತಾವು ನೆರಳಿಗೆ ಸರಿದರು (28:23-24). ‘ನೀವೇಕೆ ಮನೆಯಿಂದ ಹೊರಬಂದಿರಿ’ ಎಂದು ಗದರಲಿಲ್ಲ. ನಮ್ಮಲ್ಲೂ ಅಂಗಡಿ ಮಾಲೀಕರಿದ್ದಾರೆ. ಅಲ್ಲಿ ದುಡಿಯುವ ಹೆಣ್ಣುಮಕ್ಕಳೊಡನೆ ನಮ್ಮ ಗಂಡುಮಕ್ಕಳ ವರ್ತನೆ ಹೇಗಿದೆಯೆಂದು ಎಷ್ಟು ಮಂದಿ ವಿಚಾರಿಸಿದ್ದೇವೆ?

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಮಾಲೀಕನು ಆಂತರಿಕ ಸಮಿತಿ ರಚಿಸಲೇಬೇಕು. ಇಲ್ಲದಿದ್ದರೆ 50,000 ರೂ. ವರೆಗೆ ದಂಡವಿದೆ. ಆದರೆ ನಾಲ್ಕೈದು ಜನರ ಹೋಂಸ್ಟೇಯಲ್ಲಿ ಸಮಿತಿ ಎಲ್ಲಿಂದ ಬರಬೇಕು? ಅಂಥವರಿಗೆ, ಹಾಗೂ ಮಾಲೀಕನೇ ಆರೋಪಿಯಾದಾಗ, ಇರುವುದು ಜಿಲ್ಲೆಯ ಸ್ಥಳೀಯ ಸಮಿತಿ. ಅದಕ್ಕಾಗಿ ಘಟ್ಟ ಇಳಿದು ಕಾರವಾರಕ್ಕೇ ಓಡಬೇಕೆಂದಿಲ್ಲ. ತಾಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ಪಡೆದು 7 ದಿನಗಳಲ್ಲಿ ಸಮಿತಿಗೆ ಕಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಅವರು ಯಾರೆಂದು ತಾಲೂಕಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಕಚೇರಿಯಲ್ಲಿ ಕೇಳಬಹುದು. ದೂರು ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಹೊಣೆ.

ಕೊನೆಯ ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಮನೆಯವರು ‘ನೋಡೋಣ’ ಎನ್ನುತ್ತ ಕಳೆಯುವ ದಿನಗಳೂ ಈ ಲೆಕ್ಕದಲ್ಲೇ ಸವೆಯುತ್ತವೆ. ನಾಚಿಕೆಯಿಂದ ಮೊಬೈಲ್‌ನ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಏನು ನಡೆಯಿತು, ಯಾವ ದಿನ, ಯಾರಿದ್ದರು ಎಂದು ಅಂದೇ ಬರೆದಿಡಿ.

ಇನ್ನು ನಮ್ಮ ಹಿರಿಯರ ಪಂಚಾಯಿತಿಕೆ. ನಾಲ್ವರು ಕುಳಿತು ಒಂದಿಷ್ಟು ಹಣ ಕೊಡಿಸಿ ‘ಇಲ್ಲಿಗೆ ಬಿಡಿ’ ಎನ್ನುವುದುಂಟು. ಹುಡುಗಿಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಕಾಯ್ದೆ ಇಲ್ಲಿ ಬಿಗಿಯಾಗಿದೆ: ರಾಜಿ ಮಹಿಳೆಯೇ ಕೋರಿದರೆ ಮಾತ್ರ, ಅದೂ ಹಣದ ಆಧಾರದ ಮೇಲೆ ಕೂಡದು. ಹೆಸರು ಹೊರಬರುತ್ತದೆಂಬ ಭಯಕ್ಕೂ ಉತ್ತರವಿದೆ, ದೂರುದಾರರ ಗುರುತು ಪ್ರಕಟಿಸುವುದು ನಿಷಿದ್ಧ. ಆರೋಪ ಸಾಬೀತಾಗದ ಮಾತ್ರಕ್ಕೆ ದೂರು ಸುಳ್ಳೆಂದು ಅವಳನ್ನು ಶಿಕ್ಷಿಸುವಂತಿಲ್ಲ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟರಲ್ಲಿ ಅವಳು ವರ್ಗಾವಣೆ ಇಲ್ಲವೇ 3 ತಿಂಗಳವರೆಗಿನ ರಜೆ ಕೋರಬಹುದು. ಪೊಲೀಸರ ಬಳಿ ಹೋಗುವ ದಾರಿಯೂ ತೆರೆದೇ ಇದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.