ಹೊಯ್ಸಳ ನವರಂಗಗಳಲ್ಲಿ ಶಬ್ದದ ನಡೆ

ಬೇಲೂರಿನ ನವರಂಗವು ಸಂಗೀತಕ್ಕೆಂದೇ ಅಳೆದು ಕಟ್ಟಿದ್ದೆಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಶಾಂತಲದೇವಿಯು ಗೀತನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳು ಹೊಗಳುವುದು ದಿಟ. ಆದರೆ ಅಷ್ಟರಿಂದ ಕಟ್ಟಡದ ಧ್ವನಿಗುಣ ಸಿದ್ಧವಾಗದು. ಅದನ್ನು ಪರೀಕ್ಷಿಸಲು ಭೌತಶಾಸ್ತ್ರದ ಒಂದು ಸೂತ್ರವನ್ನು ಇತಿಹಾಸದ ವಿದ್ಯಾರ್ಥಿಯೂ ಅರಿತಿರುವುದು ಅವಶ್ಯ.

ಕೋಣೆಯೊಳಗೆ ಕಿವಿಗೆ ಎರಡು ಬಗೆಯ ಶಬ್ದ ಮುಟ್ಟುತ್ತದೆ. ನೇರವಾಗಿ ಬರುವುದು ಒಂದು. ದೂರವು ಇಮ್ಮಡಿಯಾದಂತೆಲ್ಲ ಇದು 6 ಡೆಸಿಬೆಲ್ ಇಳಿಯುತ್ತದೆ. ಗೋಡೆ, ಚಾವಣಿಗಳನ್ನು ತಾಗಿ ಮರಳುವುದು ಮತ್ತೊಂದು. ಇದು ಹೆಚ್ಚು ಕಡಮೆ ಸಮನಾಗಿ ಹರಡಿಕೊಳ್ಳುತ್ತದೆ. ಹಾರ್ವರ್ಡಿನ ವ್ಯಾಲೇಸ್ ಸಬೈನರು 1895ರಲ್ಲಿ ತೊಡಗಿದ ಪ್ರಯೋಗಗಳಿಂದ ಇದರ ನಿಯಮ ಹೊರಬಿತ್ತು. ಕೋಣೆಯ ಘನಮೀಟರುಗಳನ್ನು 0.161ರಿಂದ ಗುಣಿಸಿ, ಚದರ ಮೀಟರಿನಲ್ಲಿ ಎಣಿಸಿದ ಹೀರಿಕೆಯಿಂದ ಭಾಗಿಸಿದರೆ, ಶಬ್ದವು 60 ಡೆಸಿಬೆಲ್ ಅಡಗಲು ಹಿಡಿಯುವ ಸೆಕೆಂಡುಗಳು ದೊರೆಯುತ್ತವೆ. ಹೀರಿಕೆಗೆ ಅವರು ಹಿಡಿದ ಮಾನ ತೆರೆದ ಕಿಟಕಿ: ಹೊರಹೋದ ಶಬ್ದವು ಮರಳಿ ಬಾರದು.

ಈ ಮಾನವೇ ನಮಗೆ ಮುಖ್ಯ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಗುಡಿಯ ನವರಂಗವು ಮೊದಲು ತೆರೆದಿದ್ದು, ಅದರ ಜಾಲಂಧ್ರಗಳು ಇಮ್ಮಡಿ ಬಲ್ಲಾಳನ (1173–1220) ಕಾಲದವು. ಲೆಕ್ಕಕ್ಕಾಗಿ 10 ಮೀಟರ್ ಚೌಕದ, 5 ಮೀಟರ್ ಎತ್ತರದ ಕಲ್ಲಿನ ಕೋಣೆಯೊಂದನ್ನು ಕಲ್ಪಿಸೋಣ. ಗಾತ್ರ 500 ಘನಮೀಟರ್, ಒಳಮೈ 400 ಚದರ ಮೀಟರ್. ಕಲ್ಲು ನೂರಕ್ಕೆ 2 ಪಾಲು ಹೀರುವುದೆಂದರೆ ಹೀರಿಕೆ 8, ಅನುರಣನ ಸುಮಾರು 10 ಸೆಕೆಂಡು! ಗೋಡೆಯಲ್ಲಿ 40 ಚದರ ಮೀಟರ್ ತೆರೆದರೆ ಹೀರಿಕೆ 47.2ಕ್ಕೆ ಏರಿ, ಅನುರಣನ 1.7 ಸೆಕೆಂಡಿಗೆ ಇಳಿಯುತ್ತದೆ. ಮರಳುವ ಶಬ್ದದ ಮಟ್ಟವೂ 7.7 ಡೆಸಿಬೆಲ್ ತಗ್ಗುತ್ತದೆ. ಜಾಲಂಧ್ರದ ರಂಧ್ರಗಳು ಒಂದಿಷ್ಟು ಶಬ್ದವನ್ನು ಹೊರಬಿಡುವುದರಿಂದ ಬೇಲೂರಿನ ಇಂದಿನ ಸ್ಥಿತಿ ಈ ಎರಡರ ನಡುವಿನದು. ಜನ ನೆರೆದರೆ ಅವರ ಮೈಬಟ್ಟೆಗಳೂ ಹೀರುತ್ತವೆ. ಬರಿದಾದ ಗುಡಿಯಲ್ಲಿ ಚಪ್ಪಾಳೆ ತಟ್ಟಿ ಉತ್ಸವದ ಗಾನವನ್ನು ಊಹಿಸುವುದು ಸಲ್ಲದು. ಆದ್ದರಿಂದ ಇಂದು ಅಲ್ಲಿ ಕೇಳಿಬರುವ ನಾದವನ್ನು ಶಾಂತಲೆಯ ಕಾಲಕ್ಕೆ ಆರೋಪಿಸುವುದು ನಮಗೆ ಒಪ್ಪಿಗೆಯಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಎರಡು ನವರಂಗಗಳು ಒಂದಕ್ಕೊಂದು ಕೂಡಿಕೊಂಡಿವೆ. ಒಂದರ ಶಬ್ದ ಮತ್ತೊಂದಕ್ಕೆ ಸೋರುವುದರಿಂದ ಒಂದೇ ಕೋಣೆಯ ಸೂತ್ರ ಅಲ್ಲಿ ಸಾಲದು. ಅರಸೀಕೆರೆಯ ಈಶ್ವರ ದೇವಾಲಯದ (1220) ನಕ್ಷತ್ರಾಕಾರದ ಮುಖಮಂಟಪವಾದರೋ ಸುತ್ತಲೂ ತೆರೆದದ್ದು. ಅಲ್ಲಿ ನೇರ ಶಬ್ದವೇ ಪ್ರಧಾನ. ಮೇಲಿನ ಗುಮ್ಮಟದಂಥ ಚಾವಣಿಯಿಂದ ಮರಳುವುದನ್ನು ಮಾತ್ರ ಬೇರೆಯಾಗಿ ಎಣಿಸಬೇಕು. ತೆರೆದ ನವರಂಗದ ಧ್ವನಿಯನ್ನು ಅರಿಯಲು ಬೇಲೂರಿಗಿಂತ ಅರಸೀಕೆರೆಯಲ್ಲಿ ಅಳತೆ ತೊಡಗುವುದೇ ಲೇಸೆಂದು ನಮಗೆ ತೋರುತ್ತದೆ.