ಕಡಲೆ, ಕಡ್ಡಿ ಮತ್ತು ತ್ರಿಕೋನ

ರಾತ್ರಿ ನೀರಿನಲ್ಲಿ ನೆನೆಹಾಕಿದ ಒಂದು ಹಿಡಿ ಕಡಲೆಕಾಳು, ತೆಂಗಿನ ಕಡ್ಡಿಪೊರಕೆಯಿಂದ ತೆಗೆದ ಹತ್ತಾರು ಕಡ್ಡಿಗಳು—ಇವಿಷ್ಟಿದ್ದರೆ ಐದಾರು ವರ್ಷದ ಮಗು ಎಂಜಿನಿಯರಿಂಗಿನ ಒಂದು ಮುಖ್ಯ ತತ್ತ್ವವನ್ನು ಮನೆಯ ಜಗಲಿಯ ಮೇಲೆಯೇ ಕೈಯಾರೆ ಕಂಡುಕೊಳ್ಳಬಲ್ಲದು.

ಕಡ್ಡಿಯ ದಪ್ಪನೆಯ ಭಾಗವನ್ನು ಸುಮಾರು 8 ಸೆಂಟಿಮೀಟರ್ ಉದ್ದದ ತುಂಡುಗಳಾಗಿ ದೊಡ್ಡವರು ಕತ್ತರಿಸಿಕೊಡಬೇಕು. ಕಾಳಿಗೆ ಕಡ್ಡಿಯ ತುದಿಯನ್ನು ಚುಚ್ಚಿ ಒಂದಕ್ಕೊಂದು ಕೂಡಿಸುತ್ತ ಹೋಗುವುದೇ ಆಟ. ಎರಡು ಬೇಳೆಗಳು ಕೂಡುವ ಸಂದಿಗೆ ಚುಚ್ಚಿದರೆ ಕಾಳು ಹೋಳಾಗುತ್ತದೆ. ಮಗು ಇದನ್ನು ಬೇಗನೆ ತಿಳಿದುಕೊಳ್ಳುತ್ತದೆ. ಒಣಗಿದಂತೆಲ್ಲ ಕಾಳು ಕುಗ್ಗಿ ಗಟ್ಟಿಯಾಗಿ ಕಡ್ಡಿಯನ್ನು ಬಿಗಿಹಿಡಿಯುವುದರಿಂದ ಅಂಟು ಬೇಕಾಗುವುದಿಲ್ಲ. ಆದರೆ ಒಂದು ಎಚ್ಚರಿಕೆ: ಎಳೆಯ ಮಕ್ಕಳು ಕಾಳನ್ನು ಮೂಗಿಗೋ ಗಂಟಲಿಗೋ ಸೇರಿಸಿಕೊಂಡಾರು; ಕಡ್ಡಿಯ ತುದಿ ಕಣ್ಣಿಗೆ ತಾಗೀತು. ಮನೆಯಲ್ಲಿ ಮೂರು ನಾಲ್ಕು ವರ್ಷದೊಳಗಿನ ಕೂಸಿದ್ದರೆ ಕಡಲೆಯ ಬದಲು ಜೇಡಿಮಣ್ಣಿನ ದೊಡ್ಡ ಉಂಡೆಗಳನ್ನು ಬಳಸುವುದು, ದೊಡ್ಡವರೊಬ್ಬರು ಜೊತೆಯಲ್ಲಿಯೇ ಕುಳಿತಿರುವುದು ಅವಶ್ಯ.

ಬಾಗಿಲು, ಕಿಟಕಿ, ಗೋಡೆಗಳೆಲ್ಲ ಚೌಕವಾಗಿಯೇ ಕಂಡಿರುವುದರಿಂದ ಮಗು ಮೊದಲು ಕಟ್ಟುವುದು ಸಾಮಾನ್ಯವಾಗಿ ಚೌಕದ ಮನೆಯನ್ನು. ಅದು ನಿಂತೊಡನೆಯೇ ಒಂದು ಬದಿಗೆ ವಾಲುತ್ತದೆ. ಈ ಆಟದಲ್ಲಿ ಇದಕ್ಕಿಂತ ಬೆಲೆಯುಳ್ಳ ಗಳಿಗೆ ಇನ್ನೊಂದಿಲ್ಲ. ಅದನ್ನು ಕೆಡಿಸುವವರು ಬಹುಮಟ್ಟಿಗೆ ನಾವೇ. “ಹಾಗಲ್ಲ ಪುಟ್ಟಾ, ಇಲ್ಲಿ ಕೊಡು” ಎಂದು ಕೈಯಿಂದ ತೆಗೆದುಕೊಂಡು ಓರೆಯಾಗಿ ಒಂದು ಕಡ್ಡಿ ಚುಚ್ಚಿಬಿಟ್ಟರೆ ಮನೆಯೇನೋ ನಿಂತೀತು, ಆದರೆ ಮಗುವಿಗೆ ದೊರೆಯಬೇಕಾಗಿದ್ದ ಉತ್ತರ ನಮ್ಮ ಪಾಲಾಗುತ್ತದೆ. ಸುಮ್ಮನಿರುವುದು ಕಷ್ಟವೇ ಸರಿ, ಅದರಲ್ಲಿಯೂ ನಮ್ಮಂಥ ಪಾಠ ಹೇಳುವವರಿಗೆ! ಮಗು ತೀರ ಬೇಸತ್ತರೆ ಒಂದು ಚೌಕವನ್ನೂ ಒಂದು ತ್ರಿಕೋನವನ್ನೂ ಮಾಡಿಸಿ, ಕಾಳು ಹಸಿಯಾಗಿರುವಾಗಲೇ ಎರಡರ ಮೂಲೆಗಳನ್ನೂ ಮೆಲ್ಲಗೆ ಅದುಮಿ ನೋಡೆಂದರೆ ಸಾಕು. ಚೌಕವು ಗಾಳಿಪಟದಂತೆ ಓರೆಯಾಗುತ್ತದೆ, ತ್ರಿಕೋನ ಅಲುಗುವುದಿಲ್ಲ.

ಕಾರಣವಿಷ್ಟೆ. ನಾಲ್ಕು ಕಡ್ಡಿಗಳ ಉದ್ದ ಬದಲಾಗದಿದ್ದರೂ ಅವುಗಳ ನಡುವಣ ಕೋನಗಳು ಬದಲಾಗಬಹುದು. ಮೂರು ಬಾಹುಗಳ ಉದ್ದ ಗೊತ್ತಾದರೆ ತ್ರಿಕೋನದ ಕೋನಗಳೂ ಗೊತ್ತಾದಂತೆಯೇ. ಕಡ್ಡಿ ಬಾಗಿ ಮುರಿಯದೆ ಆಕಾರ ಕೆಡಲಾರದು. ರೈಲುಸೇತುವೆಯ ಉಕ್ಕಿನ ಪಟ್ಟಿಗಳಲ್ಲಿಯೂ ವಿದ್ಯುತ್ತಂತಿಗಳನ್ನು ಹೊತ್ತ ಎತ್ತರದ ಗೋಪುರಗಳಲ್ಲಿಯೂ ವಾಚಕರು ಕಾಣುವ ತ್ರಿಕೋನಗಳಿಗೆ ಇದೇ ಆಧಾರ.

ಆಟವೇನೂ ಹೊಸದಲ್ಲ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಶಿಶುವಿಹಾರದ ಪದ್ಧತಿಗೆ ತಳಹದಿ ಹಾಕಿದ ಫ್ರೋಬೆಲ್ ಅವರು ನೆನೆದ ಬಟಾಣಿಗೆ ಕಡ್ಡಿ ಚುಚ್ಚುವ ಕೆಲಸವನ್ನು ಮಕ್ಕಳಿಗೆ ಗೊತ್ತುಮಾಡಿದ್ದರು. ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ (1895–1983) ಬಾಲ್ಯದಲ್ಲಿ ಈ ಆಟವಾಡಿದವರು. ಅವರಿಗೆ ಹುಟ್ಟಿನಿಂದ ದೃಷ್ಟಿ ಮಂದ. ಇನ್ನೂ ಕನ್ನಡಕ ಬಂದಿರಲಿಲ್ಲ. ಉಳಿದ ಮಕ್ಕಳು ತಾವು ಕಂಡ ಮನೆಗಳಂತೆ ಚೌಕಗಳನ್ನು ಕಟ್ಟಿದರೆ, ಮನೆಗಳನ್ನು ಸ್ಪಷ್ಟವಾಗಿ ಕಾಣದಿದ್ದ ತಾವು ಕೈಗೆ ಗಟ್ಟಿಯೆನಿಸಿದ ತ್ರಿಕೋನಗಳನ್ನೇ ಕಟ್ಟಿದುದಾಗಿ ಅವರು ಹೇಳಿಕೊಂಡಿದ್ದಾರೆ. ತ್ರಿಕೋನಗಳ ಜಾಲದಿಂದಾದ ಅವರ ಗುಮ್ಮಟಗಳು ಮುಂದೆ ಜಗತ್ಪ್ರಸಿದ್ಧವಾದವು. 1967ರ ಮಾಂಟ್ರಿಯಲ್ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಗುಮ್ಮಟದ ವ್ಯಾಸ ಸುಮಾರು 76 ಮೀಟರ್.

ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದು ಲೆಕ್ಕವನ್ನೂ ಒಡ್ಡಬಹುದು. ಹಲವು ಕಡ್ಡಿಗಳು ಒಂದೇ ಕಡೆ ಸೇರಬೇಕಾದುದರಿಂದ ಇದಕ್ಕೆ ಕಡಲೆಗಿಂತ ಮಣ್ಣಿನ ಉಂಡೆಯೇ ಅನುಕೂಲ. 8 ಉಂಡೆ, 12 ಕಡ್ಡಿಗಳ ಪೆಟ್ಟಿಗೆಯಾಕಾರದ ಘನವು ವಾಲುತ್ತದೆ. ಅದನ್ನು ನಿಲ್ಲಿಸಲು ಇನ್ನೆಷ್ಟು ಕಡ್ಡಿ ಬೇಕು? ಮ್ಯಾಕ್ಸ್‌ವೆಲ್ 1864ರಲ್ಲಿ ಕೊಟ್ಟ ನಿಯಮದಂತೆ ಕೂಡುಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ ಆರನ್ನು ಕಳೆಯಬೇಕು. ಪ್ರತಿಯೊಂದು ಕೂಡೂ ಮೂರು ದಿಕ್ಕುಗಳಲ್ಲಿ ಸರಿಯಬಲ್ಲದು. ಇಡೀ ಚೌಕಟ್ಟು ಒಟ್ಟಾಗಿ ಮೂರು ದಿಕ್ಕುಗಳಲ್ಲಿ ಸರಿಯುವುದನ್ನೂ ಮೂರು ಬಗೆಯಾಗಿ ತಿರುಗುವುದನ್ನೂ ಲೆಕ್ಕದಿಂದ ಬಿಡಬೇಕು. ಘನಕ್ಕೆ ಬೇಕಾದುದು 18 ಕಡ್ಡಿ. ಅಂದರೆ ಇನ್ನು ಆರು. ಮುಖಗಳೂ ಆರೇ, ಮುಖಕ್ಕೊಂದು ಕರ್ಣ. ಆದರೆ ಈ ಹೊಸ ಕಡ್ಡಿಗಳು ಮೊದಲಿನ ಅಳತೆಯವಾದರೆ ಮೂಲೆಯಿಂದ ಮೂಲೆಗೆ ಮುಟ್ಟವು. ಎಷ್ಟು ಉದ್ದವಿರಬೇಕೆಂಬುದನ್ನು ಮಗುವೇ ಘನದ ಮೇಲಿಟ್ಟು ಅಳೆಯಲಿ.