ಮೇಕೆಗೂ ಒಂದು ಬಾಣಂತನ ಇದೆ ಕಣವ್ವ!

ಆಫೀಸಲ್ಲಿ ಮೀಟಿಂಗ್ ನಡೀತಿತ್ತು. ಅವ್ವನ ಫೋನು ಮೂರನೇ ಸಲ ಬಂತು. ನಮ್ಮವ್ವ ಮೂರು ಸಲ ಫೋನ್ ಮಾಡಿದ್ರೆ ಎರಡೇ ಅರ್ಥ: ಮನೇಲಿ ಯಾರಿಗೋ ಹುಷಾರಿಲ್ಲ, ಇಲ್ಲಾ ಮೇಕೆಗೆ ಹುಷಾರಿಲ್ಲ. ಹೊರಗೆ ಬಂದು ಎತ್ತಿಕೊಂಡೆ.

‘ಕೆಂಪಿ ಬೆಳಗ್ಗೆ ಆರಕ್ಕೇ ಮರಿ ಹಾಕ್ತು ಕಣವ್ವ. ಎರಡು. ಆದ್ರೆ ಸತ್ತೆ ಇನ್ನೂ ಬಿದ್ದಿಲ್ಲ. ನೇತಾಡ್ತಾ ಅದೆ.’

ಟೈಮ್ ನೋಡಿದೆ. ಮಧ್ಯಾಹ್ನ ಹನ್ನೆರಡೂವರೆ. ಅವ್ವನ ದನಿಯಲ್ಲಿದ್ದ ಭಯ ನನಗೆ ಗೊತ್ತು. ಎರಡು ವರ್ಷದ ಹಿಂದೆ ಇದೇ ಕೆಂಪಿಯ ತಾಯಿ ಮರಿ ಹಾಕಿದಾಗ, ನೇತಾಡುತ್ತಿದ್ದ ಸತ್ತೆಯನ್ನು ಊರಿನವರೊಬ್ಬರು ‘ನಾನ್ ತೆಗೀತೀನಿ ಬಿಡಿ’ ಅಂತ ಕೈಯಿಂದ ಎಳೆದಿದ್ದರು. ಅರ್ಧ ಬಂತು, ಅರ್ಧ ಒಳಗೇ ಉಳೀತು. ಗರ್ಭಕೋಶಕ್ಕೆ ಸೋಂಕಾಗಿ ಐದನೇ ದಿನಕ್ಕೆ ಮೇಕೆ ಹೋಯ್ತು. ಆಮೇಲೆ ಬಂದ ಪಶುವೈದ್ಯರು ಅವ್ವನನ್ನು ಕೂರಿಸಿಕೊಂಡು ಹೇಳಿದ ಮಾತುಗಳು ನನಗೆ ಇವತ್ತಿಗೂ ಬಾಯಿಪಾಠ.

ನಮ್ಮೂರು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಹೋಬಳಿ. ಮಂಡ್ಯ ಜಿಲ್ಲೆ ಅಂದ ಕೂಡಲೇ ಗೆಳೆಯರಿಗೆ ಕಬ್ಬು, ನಾಲೆ, ಭತ್ತದ ಗದ್ದೆ ನೆನಪಾಗುತ್ತೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಗೆ ಅದು ಸರಿ. ನಮ್ಮ ಕಡೆ ಹೆಚ್ಚಿನ ಹೊಲ ಮಳೆ ನಂಬಿದ್ದು. ರಾಗಿ, ಹುರುಳಿ, ಅವರೆ, ನಡುವೆ ಒಂದಿಷ್ಟು ತೆಂಗು. ಅಂಥ ಕಡೆ ಮನೆ ಹಿಂದೆ ಕಟ್ಟಿದ ಎರಡು ಮೇಕೆ ಅಂದ್ರೆ ಹೆಂಗಸರ ಸ್ವಂತ ಬ್ಯಾಂಕು. ನನ್ನ ಪಿಯುಸಿ ಹಾಸ್ಟೆಲ್ ಫೀಸು ಬಂದಿದ್ದು ಮರಿ ಮಾರಿದ ದುಡ್ಡಿಂದ. ಅದಕ್ಕೇ ನಾನು ಮೀಟಿಂಗ್ ಬಿಟ್ಟು ಎದ್ದಿದ್ದು.

‘ಎಳೀಬೇಡ ಅವ್ವ. ಯಾರಿಗೂ ಎಳೆಯಕ್ಕೆ ಬಿಡಬೇಡ. ಮರಿ ಹಾಲು ಕುಡಿದ್ವಾ?’

‘ಸತ್ತೆ ಬೀಳೋವರೆಗೂ ಕುಡಿಸಬಾರದು ಅಂದ್ರು...’

ಇಲ್ಲೇ ನೋಡಿ ನಾವು ಎಡವೋದು. ಸತ್ತೆ ಬಿದ್ದ ಮೇಲೇ ಹಾಲು ಅನ್ನೋ ನಂಬಿಕೆ ಎಷ್ಟೋ ಊರಲ್ಲಿದೆ. ನಿಜ ಇದಕ್ಕೆ ಪೂರ್ತಿ ಉಲ್ಟಾ. ಮರಿ ಕೆಚ್ಚಲಿಗೆ ಬಾಯಿ ಹಾಕಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಬಿಡುಗಡೆ ಆಗುತ್ತೆ. ಅದು ಹಾಲನ್ನೂ ಇಳಿಸುತ್ತೆ, ಗರ್ಭಕೋಶವನ್ನೂ ಹಿಂಡಿ ಸತ್ತೆ ಬೀಳೋಕೆ ಸಹಾಯ ಮಾಡುತ್ತೆ. ಮರಿಯ ಲೆಕ್ಕದಲ್ಲೂ ಕಾಯೋ ಹಾಗಿಲ್ಲ. ಮೇಕೆ ಮರಿ ಹುಟ್ಟುವಾಗ ರೋಗ ತಡೆಯೋ ಶಕ್ತಿಯನ್ನು ತಾಯಿಯಿಂದ ಪಡೆದು ಬಂದಿರಲ್ಲ. ಅದು ಸಿಗೋದು ಗಿಣ್ಣು ಹಾಲಿನಿಂದ ಮಾತ್ರ. ಆ ಶಕ್ತಿಯನ್ನು ಮರಿಯ ಕರುಳು ಹೀರಿಕೊಳ್ಳೋದು ಗಂಟೆಗಂಟೆಗೂ ಕಮ್ಮಿ ಆಗ್ತಾ, ಒಂದು ದಿನದಲ್ಲಿ ಬಾಗಿಲೇ ಮುಚ್ಚಿಹೋಗುತ್ತೆ. ಹುಟ್ಟಿದ ಒಂದೆರಡು ಗಂಟೆಯಲ್ಲೇ ಮೊದಲ ಗಿಣ್ಣು ಹೊಟ್ಟೆಗೆ ಬೀಳಬೇಕು. ಎರಡು ಕೆಜಿ ತೂಗೋ ಮರಿಗೆ ಮೊದಲ ದಿನಕ್ಕೆ ಸುಮಾರು 200 ಎಂಎಲ್, ನಾಲ್ಕೈದು ಸಲ ಹಂಚಿ. ನಮ್ಮ ಮರಿಗಳು ಆಗಲೇ ಆರು ಗಂಟೆ ಕಳೆದಿದ್ದವು.

ಅವ್ವ ಮರಿಗಳನ್ನ ಬಿಟ್ಟಳು. ವಿಡಿಯೋ ಕಾಲ್‌ನಲ್ಲಿ ನೋಡ್ತಾ ನಿಂತೆ. ಸಾಮಾನ್ಯವಾಗಿ ಕೆಲವೇ ಗಂಟೆಯಲ್ಲಿ ಸತ್ತೆ ಬೀಳುತ್ತೆ. 12 ಗಂಟೆ ಮೀರಿದ್ರೆ ಡಾಕ್ಟರು ಬೇಕೇ ಬೇಕು. ಸಂಜೆ ಆರಾದ್ರೂ ಬೀಳದಿದ್ರೆ 1962ಕ್ಕೆ ಫೋನ್ ಮಾಡೋದು ಅಂತ ಮಾತಾಡಿಕೊಂಡೆವು. ಅದು ಪಶು ಆಂಬುಲೆನ್ಸ್ ನಂಬರು, ಈಗಲೇ ಸೇವ್ ಮಾಡಿಕೊಳ್ಳಿ. ನಾಲ್ಕು ಗಂಟೆಗೆ ವಾಟ್ಸ್ಯಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜು: ‘ಬಿತ್ತು ಕಣವ್ವ.’ ಹಿಂದೆ ಮರಿಗಳ ಅರಚಾಟ.

ಬಿದ್ದ ಸತ್ತೆಯನ್ನು ನಾಯಿಗೆ ಎಸೆಯೋದು ಬೇಡ. ಕೈಗೆ ಗ್ಲೌಸ್, ಇಲ್ಲದಿದ್ರೆ ಪ್ಲಾಸ್ಟಿಕ್ ಕವರ್ ಆದರೂ ಹಾಕಿಕೊಂಡು ಆಳವಾಗಿ ಹೂಳಬೇಕು. ಬ್ರುಸೆಲ್ಲಾದಂಥ ಕಾಯಿಲೆ ಇದರಿಂದ ಮನುಷ್ಯರಿಗೂ ಅಂಟುತ್ತೆ. ಮನೇಲಿ ಬಸುರಿ ಹೆಂಗಸರಿದ್ರೆ ಈ ಕೆಲಸದ ಹತ್ತಿರಕ್ಕೂ ಬರಬಾರದು.

ಇನ್ನು ಬಾಣಂತನ. ಅವ್ವನ ಪ್ರೀತಿಯದ್ದೇ ನನಗೆ ಹೆದರಿಕೆ. ಮರಿ ಹಾಕಿ ಸುಸ್ತಾಗಿದೆ ಅಂತ ಒಂದು ಬೋಗುಣಿ ಅನ್ನ, ಮೇಲೆ ಎರಡು ರಾಗಿ ಮುದ್ದೆ ಕಲಸಿ ಇಟ್ಟುಬಿಡ್ತಾಳೆ. ಮೆಲುಕು ಹಾಕೋ ಪ್ರಾಣಿಯ ಹೊಟ್ಟೆಗೆ ಒಂದೇ ಸಲ ಅಷ್ಟು ಕಾಳಿನ ಹಿಟ್ಟು ಹೋದ್ರೆ ಒಳಗೆಲ್ಲ ಹುಳಿಯಾಗಿ ಮೇವು ಬಿಡುತ್ತೆ, ಭೇದಿ ಆಗುತ್ತೆ, ಒಂದೆರಡು ದಿನದಲ್ಲಿ ಪ್ರಾಣಾನೂ ಹೋಗಬಹುದು. ನೀರಿನ ವಿಷಯದಲ್ಲಿ ಇನ್ನೊಂದು ತಪ್ಪು. ನಮ್ಮ ಕಡೆ ಹಳೇ ಕಾಲದ ಬಾಣಂತಿಯರಿಗೆ ನೀರು ಅಳೆದು ಕೊಡ್ತಿದ್ರು, ಮೇಕೆಗೂ ಅದೇ ಪಥ್ಯ ಮಾಡ್ತಾರೆ. ಹಾಲು ಅಂದ್ರೆ ಬಹುಪಾಲು ನೀರೇ ಅಲ್ವಾ? ಮರಿ ಹಾಕಿದ ತಕ್ಷಣ ಚೂರು ಬೆಲ್ಲ ಕದಡಿದ ಉಗುರುಬೆಚ್ಚಗಿನ ನೀರು, ಆಮೇಲೆ ಕುಡಿದಷ್ಟೂ ನೀರು. ಮೇವಿಗೆ ಅಗಸೆ ಸೊಪ್ಪು, ಹಲಸಿನ ಸೊಪ್ಪು, ಹುರುಳಿ ಹೊಟ್ಟು. ಹಿಂಡಿ ಬೂಸಾ ಮೊದಲು ಒಂದು ಹಿಡಿ, ಹತ್ತು ದಿನದಲ್ಲಿ ನಿಧಾನಕ್ಕೆ ಹೆಚ್ಚಿಸಿ.

ಹಿಂದಿನಿಂದ ಕೆಂಪು ಕಂದು ಸ್ರಾವ ಎರಡು ಮೂರು ವಾರ ಹೋಗೋದು ಸಹಜ. ವಾಸನೆ ಬಂದ್ರೆ ಸಹಜ ಅಲ್ಲ. ಮೇಕೆ ಮೇವು ಬಿಟ್ಟು ಮೂಲೆಯಲ್ಲಿ ನಿಂತರೆ ಮಾಮೂಲಿ ಡಿಜಿಟಲ್ ಥರ್ಮಾಮೀಟರ್ ಗುದದಲ್ಲಿಟ್ಟು ನೋಡಿ. 102-103 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಜ್ವರ ಅಲ್ಲ. 104 ದಾಟಿದ್ರೆ ಫೋನ್ ಮಾಡಿ. (ಆ ಥರ್ಮಾಮೀಟರ್ ಮೇಲೆ ‘ಮೇಕೆ’ ಅಂತ ಬರೆದಿಡಿ. ನಮ್ಮನೇಲಿ ಬರೆದಿಟ್ಟಿದೀವಿ, ಕಾರಣ ಕೇಳಬೇಡಿ.) ಮೈ ತಣ್ಣಗಾಗಿ, ಕಾಲು ನಡುಗಿ, ಏಳೋಕೇ ಆಗದಿದ್ರೆ ಕ್ಯಾಲ್ಸಿಯಂ ಕಮ್ಮಿ ಆಗಿರಬಹುದು. ಅದಂತೂ ನಾಳೆ ಬೆಳಗ್ಗೆವರೆಗೆ ಕಾಯೋ ವಿಷಯ ಅಲ್ಲ.

ಕೆಂಪಿಗೆ ತೊಂದರೆ ಬಂದಿದ್ದು ನಾಲ್ಕನೇ ದಿನ, ಕೆಚ್ಚಲಲ್ಲಿ. ಎಡಗಡೆ ಬಿಸಿ, ಗಟ್ಟಿ. ಮರಿ ಬಾಯಿ ಹಾಕಿದ್ರೆ ಒದೀತಿತ್ತು. ಅವ್ವ ಮೊದಲ ನಾಲ್ಕು ತೊಟ್ಟು ಹಾಲನ್ನು ಕಪ್ಪು ತಟ್ಟೆಗೆ ಕರೆದು ನೋಡಿದಳು. ಒಡೆದ ಹಾಲಿನ ಹಾಗೆ ಹೆಪ್ಪು ಹೆಪ್ಪು. ಕೆಚ್ಚಲು ಬಾವು. ಅದೇ ದಿನ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ರು, ದಿನಕ್ಕೆ ಹಲವು ಸಲ ಆ ಕಡೆಯ ಹಾಲನ್ನು ಪೂರ್ತಿ ಕರೆದು ಚೆಲ್ಲೋಕೆ ಹೇಳಿದ್ರು. ತಡ ಮಾಡಿದ್ರೆ ಕೆಚ್ಚಲು ತಣ್ಣಗಾಗಿ ನೀಲಿ ತಿರುಗುತ್ತಂತೆ, ಆಗ ಕೆಚ್ಚಲಿನ ಆಸೆ ಬಿಟ್ಟು ಮೇಕೆಯ ಜೀವ ಉಳಿಸೋದನ್ನ ನೋಡಬೇಕಂತೆ. ಕೆಂಪಿ ಉಳೀತು. ಎಡಗಡೆ ಹಾಲು ಮಾತ್ರ ಅರ್ಧಕ್ಕಿಂತ ಕಮ್ಮಿ. ಸಣ್ಣ ಮರಿಗೆ ಅವ್ವ ಬಾಟ್ಲಿಯಲ್ಲಿ ಹಾಲು ಕುಡಿಸ್ತಾಳೆ, ರಾತ್ರಿ ಹನ್ನೊಂದಕ್ಕೆ ಒಂದು ಸಲ ಎದ್ದು.

ಹೋದ ಭಾನುವಾರ ಬೆಳ್ಳೂರು ಕ್ರಾಸ್‌ನಲ್ಲಿ ಬಸ್ಸಿಳಿದು ಊರಿಗೆ ಹೋದೆ. ಮೂರು ವಾರ ಆಗಿತ್ತು. ಮರಿ ಹಾಕಿದ ಮೇಲೆ ತಾಯಿಯ ಹೊಟ್ಟೆಯಲ್ಲಿ ಜಂತುಹುಳದ ಕಾಟ ಜಾಸ್ತಿಯಾಗುತ್ತೆ, ಕಣ್ಣಿನ ಕೆಳರೆಪ್ಪೆ ಬಗ್ಗಿಸಿ ನೋಡಿ ಅಂತ ಡಾಕ್ಟರು ಹೇಳಿದ್ರು. ಕೆಂಪಗಿದ್ರೆ ಸರಿ, ಬಿಳುಚಿದ್ರೆ ಹುಳ ರಕ್ತ ಹೀರ್ತಿದೆ ಅಂತ. ಕೆಂಪಿಯ ರೆಪ್ಪೆ ಸ್ವಲ್ಪ ಬಿಳುಚಿತ್ತು. ಒಂದಿಷ್ಟು ಹಿಕ್ಕೆ ಕವರಿಗೆ ಹಾಕಿ ಪಶು ಆಸ್ಪತ್ರೆಗೆ ಕೊಟ್ಟು ಬಂದೆ. ವಾಪಸ್ ಬರುವಷ್ಟರಲ್ಲಿ ವ್ಯಾಪಾರದವರೊಬ್ಬರು ಹೋತದ ಮರಿಗೆ ರೇಟು ಕೇಳ್ತಾ ನಿಂತಿದ್ರು.

‘ಇನ್ನೂ ಹಾಲು ಕುಡಿಯೋ ಮರಿ, ಈಗ್ಲೇ ಏನು ಕೇಳ್ತೀರ? ಹೋಗಿ ಹೋಗಿ’ ಅಂತ ಅವ್ವ ಬಾಟ್ಲಿ ತೊಳೆಯೋಕೆ ಒಳಗೆ ಹೋದಳು.